ಬೆಂಕಿ ಹಕ್ಕಿಗೆ ಸ್ವರ ಕೊಟ್ಟ ಇಗೋರ್ ಸ್ಟ್ರಾವಿನ್‌ಸ್ಕಿ

ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುವ ಕಥೆಯನ್ನು ನಾವೆಲ್ಲ ಅಜ್ಜಿ, ದಾದಿಯರ ಬಾಯಿಂದ ಕೇಳಿದವರೇ. ರಷ್ಯಾದ ಮಕ್ಕಳು ಕೇಳುವ ಕಥೆಯಲ್ಲಿ ಕಶ್ಚೇಯ್ ಎಂಬ ಮಾಂತ್ರಿಕನ ಪ್ರಾಣ ಒಂದು ಮೊಟ್ಟೆಯೊಳಗಿರುತ್ತದೆ. ಆ ಕಥೆಗೆ ಸಂಗೀತ ಕೊಟ್ಟು ಲೋಕಪ್ರಸಿದ್ಧನಾದವರು ಇಗೋರ್ ಸ್ಟ್ರಾವಿನ್‌ಸ್ಕಿ.

ಅವರು 1882ರ ಜೂನ್ 17ರಂದು ಸೇಂಟ್ ಪೀಟರ್ಸ್‌ಬರ್ಗ್ ಬಳಿಯ ಒರಾನಿಯೆನ್‌ಬಾಮ್‌ನಲ್ಲಿ ಜನಿಸಿದರು. ತಂದೆ ಫ್ಯೋದರ್ ಹೆಸರಾಂತ ಒಪೆರಾ ಗಾಯಕರು. ಆದರೂ ಮಗ ವಕೀಲನಾಗಲಿ ಎಂಬುದೇ ಮನೆಯವರ ಆಸೆ. (ಇದು ಯಾವ ದೇಶದಲ್ಲಿ ಇಲ್ಲ ಹೇಳಿ!) ಇಗೋರ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಸೇರಿದರು. ಅಲ್ಲಿ ಅವರ ಸಹಪಾಠಿಯಾಗಿದ್ದವನು ಮಹಾನ್ ಸಂಗೀತಗಾರ ರಿಮ್‌ಸ್ಕಿ-ಕೋರ್ಸಕೋವ್ ಅವರ ಮಗ. ಆ ಗೆಳೆತನವೇ ದಾರಿಯಾಯಿತು. 1902ರಲ್ಲಿ ತಂದೆ ತೀರಿಕೊಂಡರು. ಮುಂದೆ ರಿಮ್‌ಸ್ಕಿಯವರು ಈ ಹುಡುಗನನ್ನು ಸಂಗೀತ ಶಾಲೆಗೆ ಸೇರಿಸದೆ ತಮ್ಮ ಮನೆಯಲ್ಲೇ ಕೂರಿಸಿ ಕಲಿಸಿದರು. ಉಸ್ತಾದ್-ಶಾಗಿರ್ದ್ ಸಂಬಂಧವೆಂದರೆ ಇದೇ. 1908ರಲ್ಲಿ ಗುರು ನಿಧನರಾದಾಗ ಶಿಷ್ಯ ಒಂದು ಶೋಕಗೀತೆ ರಚಿಸಿದರು. ಅದು 1909ರಲ್ಲಿ ಒಮ್ಮೆ ನುಡಿಸಲ್ಪಟ್ಟು ಕಳೆದುಹೋಯಿತು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 2015ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ಸಂಗೀತ ವಿದ್ಯಾಲಯದ ಹಳೆಯ ಕಾಗದಗಳ ನಡುವೆ ಅದರ ಪ್ರತಿ ಸಿಕ್ಕಿತು!

ಪ್ಯಾರಿಸ್‌ನಲ್ಲಿ ರಷ್ಯನ್ ಬ್ಯಾಲೆ ತಂಡ ನಡೆಸುತ್ತಿದ್ದ ದಿಯಾಗಿಲೆವ್ ಅವರಿಗೆ ಹೊಸ ನೃತ್ಯರೂಪಕಕ್ಕೆ ಸಂಗೀತ ಬೇಕಿತ್ತು. ಹಿರಿಯರಿಂದ ಅದು ಸಿಗದಾಗ ಹೆಸರಿಲ್ಲದ ಈ ತರುಣನಿಗೆ ಕೆಲಸ ಒಪ್ಪಿಸಿದರು. ಸುಮಾರು ಆರು ತಿಂಗಳಲ್ಲಿ 'ಬೆಂಕಿ ಹಕ್ಕಿ' ಸಿದ್ಧವಾಯಿತು. ರಾಜಕುಮಾರ ಇವಾನ್ ಮಾಯಾ ಹಕ್ಕಿಯನ್ನು ಹಿಡಿದು, ಕನಿಕರದಿಂದ ಬಿಡುತ್ತಾನೆ. ಅದು ಒಂದು ಗರಿ ಕೊಡುತ್ತದೆ. ಕಷ್ಟಕಾಲದಲ್ಲಿ ಆ ಹಕ್ಕಿಯೇ ಬಂದು ಕಶ್ಚೇಯ್‌ನ ಪರಿವಾರವನ್ನು ಕುಣಿಸಿ ದಣಿಸಿ, ಜೋಗುಳದಿಂದ ಮಲಗಿಸುತ್ತದೆ. ಮೊಟ್ಟೆ ಒಡೆಯುತ್ತದೆ, ಕಲ್ಲಾಗಿದ್ದವರು ಜೀವ ತಳೆಯುತ್ತಾರೆ. ಸ್ಟ್ರಾವಿನ್‌ಸ್ಕಿ ಮನುಷ್ಯರಿಗೆ ಸರಳ ಜನಪದ ಧಾಟಿಯನ್ನೂ, ಮಾಯಾಲೋಕದವರಿಗೆ ಒತ್ತೊತ್ತಾಗಿ ಜಾರುವ ಸ್ವರಗಳನ್ನೂ ಇಟ್ಟರು. ಈ ಉಪಾಯ ಗುರುವಿನಿಂದ ಕಲಿತದ್ದು. ಕೊನೆಯಲ್ಲಿ ಒಂಟಿ ಕೊಂಬಿನ ವಾದ್ಯ ಮೆಲ್ಲಗೆ ಆರಂಭಿಸುವ ಹಳ್ಳಿ ಹಾಡು ಬೆಳೆದು ಇಡೀ ವಾದ್ಯವೃಂದವನ್ನು ಆವರಿಸುತ್ತದೆ. ಸಂಗೀತ ತಿಳಿಯದವರೂ ಒಮ್ಮೆ ಕೇಳಬೇಕಾದ ಭಾಗವಿದು.

1910ರ ಜೂನ್ 25ರ ರಾತ್ರಿ ಪ್ಯಾರಿಸ್ ಅವರನ್ನು ಮೆಚ್ಚಿತು. ಆಗ 28 ವರ್ಷ. ಮೂರು ವರ್ಷಗಳ ನಂತರ ಅದೇ ಪ್ಯಾರಿಸ್‌ನಲ್ಲಿ 'ವಸಂತದ ವಿಧಿ' ಪ್ರದರ್ಶನವಾದಾಗ ಸಭಾಂಗಣದಲ್ಲಿ ಗದ್ದಲವೆದ್ದಿತು.

ಮುಂದಿನ ಬದುಕು ಸುಖದ್ದಲ್ಲ. ಮಹಾಯುದ್ಧ ಮತ್ತು 1917ರ ಕ್ರಾಂತಿಯಿಂದ ಊರಿಗೆ ಮರಳಲಾಗಲಿಲ್ಲ, ಆಸ್ತಿ ಹೋಯಿತು. ಅಮೆರಿಕದಲ್ಲಿ ಈ ಜನಪ್ರಿಯ ಕೃತಿಗೆ ಹಕ್ಕುಸ್ವಾಮ್ಯದ ರಕ್ಷಣೆಯೇ ಇರಲಿಲ್ಲ. ಬೇರೆಯವರು ನುಡಿಸಿದರೂ ರಚಿಸಿದವನಿಗೆ ಸಂಭಾವನೆಯಿಲ್ಲ. ಕಾನೂನು ಓದಿದವನಿಗೇ ಈ ಗತಿ! 1945ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದ್ದರ ಹಿಂದೆ ಹಕ್ಕು ಪಡೆಯುವ ಉದ್ದೇಶವೂ ಇತ್ತು. ಅದಕ್ಕೂ ಮೊದಲು ಕ್ಷಯರೋಗ ಮನೆಯನ್ನು ಹೊಕ್ಕಿತ್ತು. 1938ರಲ್ಲಿ ಮಗಳು ಲ್ಯುದ್ಮಿಲಾ, 1939ರ ಮಾರ್ಚ್‌ನಲ್ಲಿ ಪತ್ನಿ ಕಾತ್ಯಾ ತೀರಿಕೊಂಡರು. ಜೂನ್‌ನಲ್ಲಿ ತಾಯಿಯೂ ಹೋದರು. ಅದೇ ವರ್ಷ ಅವರು ಅಮೆರಿಕಕ್ಕೆ ತೆರಳಿದರು.

1962ರಲ್ಲಿ, 80ರ ವಯಸ್ಸಿನಲ್ಲಿ, 48 ವರ್ಷಗಳ ನಂತರ ಹುಟ್ಟಿದ ನಾಡನ್ನು ಕಂಡರು. 1971ರ ಏಪ್ರಿಲ್ 6ರಂದು ನ್ಯೂಯಾರ್ಕ್‌ನಲ್ಲಿ ನಿಧನರಾದರು. ಅವರ ದೇಹವನ್ನು ಇಟಲಿಯ ವೆನಿಸ್‌ಗೆ ಒಯ್ದು, ಸಾನ್ ಮಿಕೇಲೆ ದ್ವೀಪದಲ್ಲಿ ದಿಯಾಗಿಲೆವ್ ಅವರ ಸಮಾಧಿಗೆ ಸಮೀಪದಲ್ಲಿ ಮಣ್ಣು ಮಾಡಲಾಯಿತು.