ಗಲ್ಲಾಕ್ಕೆ ಮೊದಲು ರುಬ್ಬುವ ಕಲ್ಲು

ಕಳೆದ ದೀಪಾವಳಿಗೆ ಕಾರ್ಕಳದ ಹತ್ತಿರದ ನಮ್ಮೂರಿಗೆ ಹೋದಾಗ ದೊಡ್ಡಪ್ಪ ನನಗೊಂದು ಕೆಲಸ ಹಚ್ಚಿದರು. ಕುಟುಂಬದವರೆಲ್ಲ ಒಂದೆಡೆ ಸೇರುವ ದಿನಕ್ಕೆ ಪುಸ್ತಿಕೆಯೊಂದು ಬರಬೇಕು, ಅದರ ವಂಶವೃಕ್ಷ ನನ್ನ ಜವಾಬ್ದಾರಿ. ಎಂ.ಟೆಕ್ ಮಾಡಿ ಚೆನ್ನೈನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಇದೇನು ಮಹಾ ಎಂದುಕೊಂಡು ಎಕ್ಸೆಲ್ ತೆರೆದೆ. ಹೆಸರು, ಹುಟ್ಟಿದ ವರ್ಷ, ವೃತ್ತಿ ಎಂದು ಕಾಲಂ ಹಾಕಿದೆ. ಮುತ್ತಜ್ಜನ ವೃತ್ತಿ ತುಂಬಲು ಯೋಚಿಸಬೇಕಾಗಿಯೇ ಇರಲಿಲ್ಲ. ಮದರಾಸಿನಲ್ಲಿ ಹೋಟೆಲು ಇಟ್ಟಿದ್ದವರು ಎಂದು ಮೂರು ತಲೆಮಾರಿನಿಂದ ಮನೆಯಲ್ಲಿ ಹೇಳುತ್ತಲೇ ಬಂದಿದ್ದಾರೆ.

ಅಟ್ಟದ ಟ್ರಂಕಿನಲ್ಲಿ ಸಿಕ್ಕ ಒಂದು ಅಂಚೆ ಕಾರ್ಡು ಬೇರೆಯೇ ಕತೆ ಹೇಳಿತು. ಮುತ್ತಜ್ಜ ತಮ್ಮನಿಗೆ ಬರೆದದ್ದು. ಇನ್ನೂ ಹಿಟ್ಟು ರುಬ್ಬುವುದರಲ್ಲೇ ಇದ್ದೇನೆ, ಮನೆಯಲ್ಲಿ ಹೇಳುವುದು ಬೇಡ ಎಂಬುದು ಅದರ ಸಾರಾಂಶ. ಕಾರ್ಡು ಓದಿದ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಅದನ್ನು ಟ್ರಂಕಿಗೇ ಹಾಕಿ ಪುಸ್ತಿಕೆಯಲ್ಲಿ ಹೋಟೆಲ್ ಮಾಲೀಕರು ಎಂದೇ ಬರೆಯಲು ಹೇಳಿದರು.

ಚೆನ್ನೈಗೆ ಮರಳಿದ ಮೇಲೆ ಆ ಕಾಲಂ ಖಾಲಿಯೇ ಉಳಿಯಿತು. ಕಾರ್ಡಿನಲ್ಲಿ ಹೋಟೆಲಿನ ಹೆಸರಿರಲಿಲ್ಲ. ಆ ಕಾಲದ ಉಡುಪಿ ಹೋಟೆಲುಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಬ್ಬರ ಬಳಿ: ವುಡ್‌ಲ್ಯಾಂಡ್ಸ್ ಕೃಷ್ಣರಾಯರು.

ಕೆ. ಕೃಷ್ಣರಾವ್ ಹುಟ್ಟಿದ್ದು 1898ರಲ್ಲಿ, ಮೂಡುಬಿದಿರೆ ಸಮೀಪದ ಕಡಂದಲೆಯಲ್ಲಿ. ಬಡತನದ ಮನೆ. ಚಿಕ್ಕ ವಯಸ್ಸಿನಲ್ಲೇ ಉಡುಪಿಗೆ ಹೋಗಿ ಮಠದಲ್ಲಿ ಕೆಲಸಕ್ಕೆ ನಿಂತರು. ಅಷ್ಟಮಠಗಳ ಊರೆಂದರೆ ದಿನವೂ ನೂರಾರು ಎಲೆ ಬೀಳುವ ಊರು. ಪಾತ್ರೆ ತೊಳೆಯುವುದರಿಂದ ಹಿಡಿದು ಬಡಿಸುವವರೆಗೆ ದೊಡ್ಡ ಅಡುಗೆಯ ಶಿಸ್ತು ನಮ್ಮ ಕಡೆಯ ಹುಡುಗರಿಗೆ ಅಭ್ಯಾಸವಾಗುತ್ತಿದ್ದುದು ಅಲ್ಲಿಯೇ.

ಅವರು ಮದರಾಸಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಕೋರ್ಟು, ಕಾಲೇಜು, ಸರ್ಕಾರಿ ಕೆಲಸ ಎಲ್ಲದಕ್ಕೂ ಅದೇ ರಾಜಧಾನಿ. 1907ರಲ್ಲಿ ಮಂಗಳೂರಿಗೆ ರೈಲು ಬಂದ ಮೇಲೆ ದಾರಿಯೂ ಸುಲಭವಾಗಿತ್ತು. ಮಂಗಳೂರಿನವರೆಗೆ ಹೊಳೆಗಳನ್ನು ದಾಟಿ ಬಂದರೆ ಮುಂದಕ್ಕೆ ರೈಲು.

ಜಾರ್ಜ್ ಟೌನಿನ ಹೋಟೆಲಿನ ಅಡುಗೆಮನೆಯಲ್ಲಿ ಕೂಲಿಯಾಳಾಗಿ ಅವರ ಮದರಾಸಿನ ಬದುಕು ಆರಂಭವಾಯಿತು. ಕೆಲಸ ಕಲಿತು, ನಂಬಿಕೆ ಗಳಿಸಿ, ಆಚಾರಪ್ಪನ್ ಬೀದಿಯ ಪುಟ್ಟ ಹೋಟೆಲೊಂದನ್ನು ಕಂತಿನಲ್ಲಿ ಹಣ ಕಟ್ಟುವ ಕರಾರಿನ ಮೇಲೆ ವಹಿಸಿಕೊಂಡರು. ಮುಂದೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. ಬೀದಿಬದಿಯ ಕಾಫಿ ತಿಂಡಿಯಿಂದ ಅವರು ಹಾಕಿದ ದೊಡ್ಡ ಹೆಜ್ಜೆ 1938ರದ್ದು. ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹಳೆಯ ಬಂಗಲೆಯನ್ನು ಹಿಡಿದು, ಉಳಿದುಕೊಳ್ಳಲು ಕೋಣೆಗಳಿರುವ ಸಸ್ಯಾಹಾರಿ ಹೋಟೆಲು ಮಾಡಿದರು. ಇಂಗ್ಲಿಷ್ ಹೆಸರು ಬಂಗಲೆಯದ್ದು, ರುಚಿ ಉಡುಪಿಯದ್ದು. ಅಲ್ಲಿಂದ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಬಂತು.

1962ರಲ್ಲಿ ಕೆಥೆಡ್ರಲ್ ರೋಡಿನ ತೋಟಗಾರಿಕಾ ಸಂಘದ ಜಾಗದಲ್ಲಿ ಡ್ರೈವ್‌-ಇನ್ ಶುರುವಾಯಿತು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಮಸಾಲೆ ದೋಸೆ ಕಾರಿನ ಬಳಿಗೇ ಬರುತ್ತಿತ್ತು. ಕಾರಿಲ್ಲದ ವಿದ್ಯಾರ್ಥಿಗಳೂ ಒಂದು ಕಾಫಿ ತರಿಸಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ವುಡ್‌ಲ್ಯಾಂಡ್ಸ್ ಹೆಸರು ಮುಂದೆ ಲಂಡನ್, ಸಿಂಗಪುರದವರೆಗೂ ಹೋಯಿತು. ಮಠದಲ್ಲಿ ಕೆಲಸಕ್ಕಿದ್ದ ಹುಡುಗ ಅದನ್ನೆಲ್ಲ ಕಂಡು, ತುಂಬು ವಯಸ್ಸಿನಲ್ಲಿ, 1990ರಲ್ಲಿ ತೀರಿಕೊಂಡರು.

ಈ ಕತೆಗೆ ಇನ್ನೊಂದು ಮಗ್ಗುಲೂ ಇದೆ. ಕಡಂದಲೆಯ ಹುಡುಗನಿಗಾಗಲಿ ನನ್ನ ಮುತ್ತಜ್ಜನಿಗಾಗಲಿ ಆ ಅಡುಗೆಮನೆಯ ಬಾಗಿಲು ತೆರೆದದ್ದು ಶ್ರಮದಿಂದ ಮಾತ್ರವಲ್ಲ, ಜಾತಿಯಿಂದಲೂ ಹೌದು. ಆಗಿನ ಮದರಾಸಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗ ಇರುತ್ತಿತ್ತು. 1957ರಲ್ಲಿ ಟ್ರಿಪ್ಲಿಕೇನಿನ ಹೋಟೆಲೊಂದರ ಬೋರ್ಡಿನಲ್ಲಿದ್ದ ಬ್ರಾಹ್ಮಣ ಎಂಬ ಪದ ತೆಗೆಸಲು ಪೆರಿಯಾರರ ದ್ರಾವಿಡ ಕಳಗಂ ಚಳವಳಿಯನ್ನೇ ಹೂಡಬೇಕಾಯಿತು. ಬಡತನ ಎಲ್ಲರದ್ದೂ ಆಗಿದ್ದರೂ ರುಬ್ಬುವ ಕಲ್ಲಿನ ಬಳಿ ಕೂರುವ ಅವಕಾಶ ಎಲ್ಲರಿಗೂ ಇರಲಿಲ್ಲ. ಹಿರಿಯರ ಕಷ್ಟ ಹೇಳಿಕೊಳ್ಳುವಾಗ ಇದನ್ನೂ ಹೇಳುವುದು ನ್ಯಾಯ.

ಒಂದು ಶನಿವಾರ ಆಚಾರಪ್ಪನ್ ಬೀದಿಗೆ ಹೋಗಿದ್ದೆ. ಮೂಟೆ ಹೊತ್ತವರು, ತಳ್ಳುಗಾಡಿ, ದ್ವಿಚಕ್ರ ವಾಹನಗಳ ನಡುವೆ ನಿಲ್ಲಲೂ ಜಾಗವಿಲ್ಲ. ಉಡುಪಿಯವರ ಹೋಟೆಲು ಎಲ್ಲಿತ್ತೆಂದು ಮೂರು ಅಂಗಡಿಗಳಲ್ಲಿ ನನ್ನ ಹರಕು ತಮಿಳಿನಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ಡ್ರೈವ್‌-ಇನ್ ಕೂಡ 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಮರುದಿನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮರದ ಕೆಳಗೆ ಕೂತು ದೊಡ್ಡಪ್ಪನಿಗೆ ಫೋನು ಮಾಡಿದೆ.

ಕೃಷ್ಣರಾಯರ ಬದುಕನ್ನು ಬರೆದವರು ಯಾರೂ ಅವರ ಅಡುಗೆಮನೆಯ ದಿನಗಳನ್ನು ಬಿಟ್ಟು ಬರೆದಿಲ್ಲ ಎಂದೆ. ಅವರು ಮಾಲೀಕರಾದರು, ನಮ್ಮಜ್ಜ ಆಗಲಿಲ್ಲವಲ್ಲ ಎಂದರು ದೊಡ್ಡಪ್ಪ. ಮಾತು ಸರಿಯೇ. ಗೆದ್ದವರು ಮುಸುರೆ ತೊಳೆದದ್ದು ಹೆಮ್ಮೆಯ ಕತೆಯಾಗುತ್ತದೆ, ಗೆಲ್ಲದವರದ್ದು ಟ್ರಂಕಿನ ತಳ ಸೇರುತ್ತದೆ. ಆದರೆ ಆ ಊರಿನ ದೋಸೆಗೆಲ್ಲ ಹಿಟ್ಟು ರುಬ್ಬಿದವರು ಯಾರು? ಒಬ್ಬ ಕೃಷ್ಣರಾಯರ ಹಿಂದೆ ಹೆಸರಿಲ್ಲದ ಎಷ್ಟೋ ಕೈಗಳು ಇದ್ದವು. ಮುತ್ತಜ್ಜ ಕಳಿಸುತ್ತಿದ್ದ ಮನಿಯಾರ್ಡರಿನಲ್ಲೇ ನನ್ನ ಅಜ್ಜ ಹೈಸ್ಕೂಲು ಓದಿದ್ದು. ನನ್ನ ಎಂ.ಟೆಕ್‌ನ ಮೊದಲ ಫೀಸು ಅದೇ ಎಂದು ನಾನು ಲೆಕ್ಕ ಹಾಕುತ್ತೇನೆ.

ಇಷ್ಟನ್ನೂ ದೊಡ್ಡಪ್ಪನಿಗೆ ಹೇಳಿದೆ. ಅವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅಂಚೆ ಕಾರ್ಡನ್ನು ಸ್ಕ್ಯಾನ್ ಮಾಡಿದರೆ ಅಕ್ಷರ ಕಾಣಿಸುತ್ತದೆಯೇ ಎಂದು ಮಾತ್ರ ಕೇಳಿದರು. ಕಾಣಿಸುತ್ತದೆ ಎಂದೆ.

ಆ ರಾತ್ರಿ ಕಾಲಂ ತುಂಬಿದೆ. ವೃತ್ತಿ: ಹಿಟ್ಟು ರುಬ್ಬುವ ಕೆಲಸ, ಮದರಾಸು.