ತ್ಯಾಗವೀರ ಶಿರಸಂಗಿ ಲಿಂಗರಾಜರು

ಹಸಿದು ಬಂದವರಿಗೆ ಅನ್ನವಿಕ್ಕುವ ದಾಸೋಹವು ಶರಣಧರ್ಮದ ಜೀವಾಳವು. ಆ ದಾಸೋಹವನ್ನು ವಿದ್ಯೆಗೂ ವಿಸ್ತರಿಸಿ, ತಮ್ಮ ಸರ್ವಸ್ವವನ್ನೂ ಅದಕ್ಕೆಂದೇ ಧಾರೆಯೆರೆದ ಮಹನೀಯರಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರ ಹೆಸರು ಅಗ್ರಗಣ್ಯವಾದುದು.

ಲಿಂಗರಾಜರು ಕ್ರಿ. ಶ. 1861ನೆಯ ಇಸವಿಯಲ್ಲಿ ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ ಜನಿಸಿದರು. ರಾಮಪ್ಪನೆಂಬುದು ಅವರ ಮೊದಲ ಹೆಸರು. ಬಾಲ್ಯದಲ್ಲಿಯೇ ಶಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದು ಲಿಂಗರಾಜರೆನಿಸಿದರು. ಆದರೆ ಆ ಸಿರಿಯು ನಿರಾತಂಕವಾಗಿ ಕೈಸೇರಲಿಲ್ಲ. ಮನೆತನದ ವ್ಯಾಜ್ಯಗಳನ್ನು ಅವರು ಬಹುಕಾಲ ಎದುರಿಸಬೇಕಾಯಿತು.

ಆ ಕಾಲದಲ್ಲಿ ಉತ್ತರ ಕರ್ಣಾಟಕದ ಬಡ ವಿದ್ಯಾರ್ಥಿಗೆ ಉಚ್ಚ ವಿದ್ಯೆಯು ಗಗನಕುಸುಮವಾಗಿತ್ತು. ವೈದ್ಯವನ್ನು ಕಲಿಯಬೇಕೆಂದರೆ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿಗೂ, ಯಂತ್ರಶಿಲ್ಪವನ್ನು ಕಲಿಯಬೇಕೆಂದರೆ ಪುಣೆಗೂ ಹೋಗಬೇಕಾಗಿದ್ದಿತು. ಧಾರವಾಡದಲ್ಲಿ ಕಾಲೇಜು ಪ್ರಾರಂಭವಾದುದೇ 1917ರಲ್ಲಿ. ಬುದ್ಧಿಯಿದ್ದೂ ಹಣವಿಲ್ಲದ ಎಷ್ಟೋ ತರುಣರು ಊರಿನ ಶಾಲೆಯಲ್ಲಿಯೇ ವ್ಯಾಸಂಗವನ್ನು ಮುಗಿಸಬೇಕಾಗುತ್ತಿದ್ದಿತು. ಈ ಕೊರತೆಯನ್ನು ಲಿಂಗರಾಜರು ಚೆನ್ನಾಗಿ ಅರಿತಿದ್ದರು. 1904ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮಾಧಿವೇಶನಕ್ಕೆ ಅವರೇ ಅಧ್ಯಕ್ಷರಾದರು.

ಆಸ್ತಿಗೆ ವಾರಸುದಾರರಾಗುವ ಮಕ್ಕಳು ಅವರಿಗೆ ಇರಲಿಲ್ಲ. ಇಂಥ ಸಂದರ್ಭದಲ್ಲಿ ದತ್ತು ತೆಗೆದುಕೊಂಡು ಮನೆತನದ ಹೆಸರನ್ನು ಉಳಿಸುವುದು ಲೋಕರೂಢಿ; ದತ್ತಕರಾಗಿಯೇ ಬಂದ ಅವರಿಗೆ ಅದು ಸಹಜವಾಗಿಯೂ ತೋರಬಹುದಾಗಿತ್ತು. ಅವರಾದರೋ ಒಬ್ಬ ಮಗನ ಬದಲು ಅಸಂಖ್ಯ ವಿದ್ಯಾರ್ಥಿಗಳನ್ನು ವಾರಸುದಾರರನ್ನಾಗಿ ಆರಿಸಿಕೊಂಡರು. ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಮೀಸಲಿರಿಸಿ, 1906ರಲ್ಲಿ, ನಾಲ್ವತ್ತೈದರ ವಯಸ್ಸಿನಲ್ಲಿ ಲಿಂಗೈಕ್ಯರಾದರು.

ಅವರ ತರುವಾಯ ಆ ಪತ್ರದ ವಿಷಯವಾಗಿ ನ್ಯಾಯಾಲಯಗಳಲ್ಲಿ ದೀರ್ಘಕಾಲ ವಿವಾದವು ನಡೆಯಿತು. ಕಡೆಗೆ ದಾತೃವಿನ ಸಂಕಲ್ಪವೇ ಗೆದ್ದಿತು. ನವಲಗುಂದ-ಶಿರಸಂಗಿ ಟ್ರಸ್ಟಿನ ರೂಪದಲ್ಲಿ ಆ ಆಸ್ತಿಯ ಉತ್ಪನ್ನವು ವಿದ್ಯಾರ್ಥಿವೇತನವಾಗಿ ಹರಿಯತೊಡಗಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಅದೇ ಸಂಸ್ಥೆಯು 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿತು. ಒಂದು ಕಾಲಕ್ಕೆ ಮುಂಬಯಿ, ಪುಣೆಗಳಿಗೆ ಹೋಗಿ ಕಲಿಯಬೇಕಾಗಿದ್ದ ಎರಡು ವಿದ್ಯೆಗಳೂ ಹೀಗೆ ಕನ್ನಡ ನೆಲದಲ್ಲಿಯೇ ಬೇರೂರಿದವು.

ಇಂದು ಆ ಎರಡು ವಿದ್ಯೆಗಳೂ ಕೂಡಿ ಜೀವವೈದ್ಯಕೀಯ ಯಂತ್ರಶಾಸ್ತ್ರವೆಂಬ ಹೊಸ ಶಾಸ್ತ್ರವಾಗಿದೆ. ಹೃದಯದ ಬಡಿತವನ್ನು ಸರಿಪಡಿಸುವ ಯಂತ್ರವೂ, ಕಾಲಿಲ್ಲದವನನ್ನು ನಡೆಯಿಸುವ ಕೃತಕಾಂಗವೂ ಅದರ ಫಲಗಳು. ಇಂಥ ಸಂಶೋಧನೆಯು ಪದವಿಯಿಂದ ಮುಗಿಯುವುದಲ್ಲ. ಪದವಿಯ ಅನಂತರವೂ ವರ್ಷಗಟ್ಟಲೆ, ಸಂಪಾದನೆಯನ್ನು ಬದಿಗಿಟ್ಟು ಶ್ರಮಿಸಬೇಕು. ಸಾಧನಗಳಿಗೂ ಅಪಾರ ವೆಚ್ಚವುಂಟು, ಫಲವಾದರೋ ನಿಶ್ಚಿತವಲ್ಲ. ಆ ವರ್ಷಗಳಲ್ಲಿ ಬಡ ವಿದ್ಯಾರ್ಥಿಯನ್ನು ಪೊರೆಯುವುದು, ಫಲವನ್ನು ಕಾಣಲಾರೆನೆಂದು ತಿಳಿದೂ ಕೊಡುವ ದಾನಿಯ ಔದಾರ್ಯವೇ.

ಹೊಯ್ಸಳ ವಿಷ್ಣುವರ್ಧನನ ಶಾಸನಗಳು ರಾಜ್ಯದ ಮೂಡಣ ಮೇರೆಯೆಂದು ಹೆಸರಿಸುವ ನಂಗಲಿಯು ಶಿರಸಂಗಿಗೆ ಬಹು ದೂರ. ಆದರೆ ವಿದ್ಯಾದಾಸೋಹಕ್ಕೆ ಮೇರೆಯಿಲ್ಲ. ಉಳ್ಳವರು ಒಬ್ಬೊಬ್ಬ ವಿದ್ಯಾರ್ಥಿಯ ಕೈಹಿಡಿದರೆ ಮೂಡಣದ ಈ ಸೀಮೆಯಲ್ಲಿಯೂ ಲಿಂಗರಾಜರ ಸಂತಾನವು ಬೆಳೆಯುವುದು.