ಗಣಿಗೆ ಗಾಳಿ ತಂದ ಅಡಾಲ್ಫ್ ಸುಟ್ರೊ

1830ರಲ್ಲಿ ಪ್ರಷ್ಯ ದೇಶದ ಆಖೆನ್ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದ ಅಡಾಲ್ಫ್ ಸುಟ್ರೊ ಅವರು 1850ರಲ್ಲಿ ಕ್ಯಾಲಿಫೋರ್ನಿಯಕ್ಕೆ ವಲಸೆ ಬಂದು ಹೊಗೆಸೊಪ್ಪಿನ ವ್ಯಾಪಾರದಲ್ಲಿ ತೊಡಗಿದರು. ಮುಂದೆ ನೆವಾಡದ ಕಾಮ್‌ಸ್ಟಾಕ್ ಬೆಳ್ಳಿಗಣಿಗಳಲ್ಲಿ ಕಾರ್ಮಿಕರು ಬಿಸಿನೀರು, ದೂಷಿತ ವಾಯುಗಳ ನಡುವೆ ಪಡುತ್ತಿದ್ದ ಬವಣೆಯನ್ನು ಕಂಡು, ಬೆಟ್ಟದ ಬುಡದಿಂದ ಸುರಂಗವನ್ನು ಕೊರೆದು ನೀರನ್ನು ಹೊರಹರಿಸುವ, ಶುದ್ಧವಾಯುವನ್ನು ಒಳತರುವ ಯೋಜನೆಯನ್ನು ರೂಪಿಸಿದರು. ಗಣಿಗಳ ಒಡೆಯರು ಅದನ್ನು ವಿರೋಧಿಸಿದರು. 1869ರಲ್ಲಿ ಯೆಲ್ಲೊ ಜಾಕೆಟ್ ಗಣಿಯ ಅಗ್ನಿದುರಂತದಲ್ಲಿ 30ಕ್ಕೂ ಹೆಚ್ಚು ಮಂದಿ ಮಡಿದಾಗ, ಕಾರ್ಮಿಕ ಸಂಘಗಳೇ ಹಣವನ್ನಿತ್ತು ಅವರ ಬೆಂಬಲಕ್ಕೆ ನಿಂತವು. ಸುಮಾರು 6 ಕಿಲೋಮೀಟರ್ ಉದ್ದದ ಆ ಸುರಂಗವು 1878ರಲ್ಲಿ ಗಣಿಯನ್ನು ಸೇರುವ ವೇಳೆಗೆ ಬೆಳ್ಳಿಯ ಸಮೃದ್ಧಿ ಕುಗ್ಗತೊಡಗಿತ್ತು.

ತಮ್ಮ ಪಾಲನ್ನು ಮಾರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೆಲೆಸಿದ ಸುಟ್ರೊ ಅವರು ಸಾರ್ವಜನಿಕರಿಗೆ ಉದ್ಯಾನವನ್ನು ತೆರೆದರು. ರೈಲ್ವೆ ಕಂಪನಿಯ ಏಕಸ್ವಾಮ್ಯವನ್ನು ಎದುರಿಸಿ, 1894ರ ಚುನಾವಣೆಯಲ್ಲಿ ಜಯಗಳಿಸಿ 1895ರಿಂದ 1897ರವರೆಗೆ ಆ ನಗರದ ಮೇಯರ್ ಆಗಿದ್ದರು. ಲಕ್ಷಕ್ಕೂ ಮಿಕ್ಕ ಗ್ರಂಥಗಳನ್ನು ಸಂಗ್ರಹಿಸಿದರೂ ಅವುಗಳಿಗೊಂದು ಶಾಶ್ವತ ಭವನವನ್ನು ಕಟ್ಟುವ ಮುನ್ನವೇ 1898ರಲ್ಲಿ ನಿಧನರಾದರು. 1906ರ ಭೂಕಂಪದ ಬೆಂಕಿಯಲ್ಲಿ ಗ್ರಂಥರಾಶಿಯ ಬಹುಭಾಗ ಭಸ್ಮವಾಯಿತು. ಉಳಿದುದು 1913ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಗ್ರಂಥಾಲಯಕ್ಕೆ ದಾನವಾಗಿ ಸಂದಿತು. ಬೆಳ್ಳಿ ಬರಿದಾಯಿತು, ಆ ಗ್ರಂಥಗಳು ಇಂದಿಗೂ ಓದುಗರಿಗೆ ಬೆಳಕನ್ನೀಯುತ್ತಿವೆ. ಸಂಗ್ರಹಿಸಿದ ವಿದ್ಯೆಗೆ ಸಕಾಲದಲ್ಲಿ ನೆಲೆ ಕಲ್ಪಿಸಬೇಕೆಂಬುದೇ ಅವರ ಬಾಳು ಉಳಿಸಿಹೋದ ಪಾಠ.